ಗಂಡು ಬಳ್ಳಿ

ಕಾಲ್ಯುವಿನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷ.
ಕಾರಣ ಕೇಳಿದರೆ ನಗುತ್ತೀರಿ:
ಅವನ ಬೇಲಿಯ ಮೇಲೊಂದು ಗಂಡು ಬಳ್ಳಿ.

ಹಾಪ್ಸ್ ಎಂದರೆ ಹೆಣ್ಣುಗಳ ಕಾರುಬಾರು.
ಹಸಿರು ಗೊಂಡೆ ಕಟ್ಟುವುದು ಹೆಣ್ಣು,
ಕಹಿ ಕೂಡಿಡುವುದು ಹೆಣ್ಣು,
ಹಳದಿ ಹುಡಿಯನ್ನು ಎಸಳಿನ ಬುಡದಲ್ಲಿ
ಕರವಸ್ತ್ರದ ಗಂಟಿನ ಚಿಲ್ಲರೆಯಂತೆ ಬಚ್ಚಿಡುವುದು ಹೆಣ್ಣು.
ಗಂಡಿಗಿರುವುದು ಒಂದೇ ಕೆಲಸ,
ಗಾಳಿಗೆ ಪುಡಿ ತೂರುವುದು.
ತೂರಿದರೆ ಗೊಂಡೆಯೊಳಗೆ ಬೀಜ.
ಬೀಜ ಕಟ್ಟಿದ ಗೊಂಡೆ
ತಕ್ಕಡಿಗೆ ಭಾರ, ಬಿಯರಿಗೆ ಹಗುರ.

‘ಕಡಿದು ಹಾಕು’ ಅಂದೆ.
‘ನಿನ್ನವಕ್ಕೆ ಮುಸುಕು ಹಾಕು’ ಅಂದ.
ಅಷ್ಟೇ.
ಅವನ ಹೆಂಡತಿ ಲೈನೆ ಮಾತ್ರ
ನಡುವಿನ ಪಾಚಿಗಲ್ಲು ಗೋಡೆಯ ಮೇಲೆ
ಮೊಟ್ಟೆ ಇಟ್ಟು ಹೋಗುತ್ತಿದ್ದಳು,
ನಾನು ಜೇನು.

ಈ ಬೇರು ಅತ್ತೆ ಆಲ್ಮಾ ತವರಿನಿಂದ ತಂದದ್ದು,
ಒದ್ದೆ ಕಾಲುಚೀಲದಲ್ಲಿ ಸುತ್ತಿ, ಮದುವೆಯ ಗಾಡಿಯಲ್ಲಿ.
ಆಮೇಲೆ ಕಾಲ ಕೆಟ್ಟಿತು;
ಪಾಸಿಲ್ಲದೆ ಸಾರೆಮಾ ದ್ವೀಪಕ್ಕೆ ಯಾರೂ ಕಾಲಿಡುವಂತಿರಲಿಲ್ಲ,
ಕತ್ತಲಾದರೆ ಕಡಲ ದಂಡೆಗೂ ಕಾವಲು.
ಬಳ್ಳಿಯ ಕಾಗದ ಯಾರೂ ಕೇಳಲಿಲ್ಲ.
ಹಿಮದಡಿ ಸತ್ತಂತೆ ಮಲಗಿ
ಪ್ರತಿ ವಸಂತ
ನೇರಳೆ ಮೂತಿಯಿಂದ ಮಣ್ಣು ಒತ್ತಿ ಎದ್ದು ಬಂತು.

ಮೊದಲ ಚಿಗುರನ್ನು ಬೆಣ್ಣೆಯಲ್ಲಿ ಬಾಡಿಸಿ ತಿನ್ನುತ್ತೇನೆ.
ಮೂರು ಕುಡಿ ಉಳಿಸಿ ಮಿಕ್ಕದ್ದು ಕೀಳುತ್ತೇನೆ,
ಕನಿಕರ ಪಟ್ಟರೆ ಬರೀ ಪೊದೆ.
ಹಗ್ಗ ತೋರಿಸಿದರೆ ಸಾಕು,
ಸೂರ್ಯ ಹೋದ ದಿಕ್ಕಿಗೇ ಸುತ್ತಿ ಸುತ್ತಿ ಹತ್ತುತ್ತದೆ.
ಬೀನ್ಸ್ ಬಳ್ಳಿ ಸುತ್ತುವುದು ಇದಕ್ಕೆ ತದ್ವಿರುದ್ಧ.
ಒಮ್ಮೆ ಮರೆತು ಎರಡನ್ನೂ ಒಂದೇ ಕೋಲಿಗೆ ಬಿಟ್ಟಿದ್ದೆ.
ಆಗಿನ್ನೂ ಬದುಕಿದ್ದ ನನ್ನ ಗಂಡ
ಕೋಲನ್ನು ನೋಡಿದ, ನನ್ನನ್ನು ನೋಡಿದ,
ಏನೂ ಹೇಳದೆ ಪೈಪ್ ಹೊತ್ತಿಸಿದ.

ಆಗಸ್ಟ್ ಮುಗಿಯುವಾಗ
ಗೊಂಡೆಯೊಂದನ್ನು ಕಿವಿಯ ಹತ್ತಿರ ಹಿಸುಕಬೇಕು.
ಮೆತ್ತಗೆ ಮೂಕವಾಗಿದ್ದರೆ ಇನ್ನೊಂದು ವಾರ.
ಹಳೇ ಪತ್ರದಂತೆ ಸರಸರ ಅಂದರೆ
ಏಣಿ ತರಬೇಕು, ತಡ ಮಾಡಬಾರದು.

ಈ ಸಲ ಏಣಿಯ ಮೇಲಿದ್ದೆ,
ಬೆಕ್ಕಿನ ನಾಲಿಗೆಯಂಥ ಬಳ್ಳಿ
ಮೊಣಕೈವರೆಗೂ ಗೀರಿತ್ತು.
ಕೆಳಗೆ ಯಾರೋ ಕೆಮ್ಮಿದರು.
ಟೋಪಿ ಕೈಯಲ್ಲಿ ಹಿಡಿದು ನಿಂತ ಕಾಲ್ಯು.
ಅವನ ತಲೆ ಇಷ್ಟು ಬೋಳಾದದ್ದು
ಗೋಡೆಯಾಚೆಯಿಂದ ಕಂಡಿರಲಿಲ್ಲ.

‘ಲೈನೆ’ ಅಂದ.
ಸ್ವಲ್ಪ ಹೊತ್ತು ಅಷ್ಟೇ ಅಂದ.
ಆಮೇಲೆ: ‘ಮುಂದಿನ ಶನಿವಾರ ಮಣ್ಣು.
ಅಂಗಡಿ ಬಿಯರ್ ಕೂಡದು ಅಂದಿದ್ದಳು.
ಮಾಲ್ಟ್ ಇದೆ, ಜೂನಿಪರ್ ಕೊಂಬೆ ಕಡಿದಿಟ್ಟಿದ್ದೇನೆ,
ತೊಟ್ಟಿ ತೊಳೆದಿದ್ದೇನೆ.’
ಹಾಪ್ಸ್ ಎಂಬ ಮಾತು ಅವನ ಬಾಯಿಂದ ಬರಲಿಲ್ಲ.

ನಾನು ಇಳಿದೆ.
ಸಮಾಧಾನದ ಮಾತು ನನಗೂ ಬರುವುದಿಲ್ಲ.
ಹಳೇ ಹೊದಿಕೆ ಹಾಸಿದೆ,
ಕಡಿದ ಬಳ್ಳಿಯನ್ನು ಇಬ್ಬರ ತೊಡೆಯ ಮೇಲೆ ಎಳೆದುಕೊಂಡೆ.
ಕಿತ್ತೆವು. ಮಧ್ಯಾಹ್ನ ಕಳೆಯಿತು.
ಅವನ ಬೆರಳು ಹಳದಿಯಾಯಿತು, ಅಂಟಾಯಿತು,
ಆ ಬೆರಳಲ್ಲೇ ಕಣ್ಣು ಒರೆಸಿಕೊಂಡ,
ಉರಿಯಿತೇನೋ, ಮತ್ತೆ ಒರೆಸಿಕೊಂಡ.

ಒಂದು ಗೊಂಡೆ ಬಿಡಿಸಿ ನೋಡಿದ.
ಒಳಗೆ ಸಾಸಿವೆಯಂಥ ಕಂದು ಬೀಜ.
ಇನ್ನೊಂದು ಬಿಡಿಸಿದ. ಅದರಲ್ಲೂ.
‘ನಿನ್ನವೇ’ ಅಂದೆ.
‘ಕಹಿ ಕಮ್ಮಿಯಾದೀತೆ?’
‘ಒಂದು ಹಿಡಿ ಹೆಚ್ಚು ಹಾಕು.’

ಶನಿವಾರ ಮರದ ಮಗ್ ಕೈಯಿಂದ ಕೈಗೆ ಹೋಯಿತು,
ಜೋಡಿ ಕಿವಿಯ ದೊಡ್ಡ ಮಗ್.
ಮಬ್ಬು ಬಿಯರ್, ಸಿಹಿ ಮುಂದೆ, ಹೊಗೆ ಹಿಂದೆ,
ಕಹಿ ಕೊನೆಗೆ ಬಂದು ನಾಲಿಗೆಯ ಬುಡದಲ್ಲಿ ಕೂತಿತು.
ಚೆನ್ನಾಗಿದೆ ಅಂದರು. ನಾನು ತಲೆಯಾಡಿಸಲಿಲ್ಲ.
ಅಷ್ಟೇನೂ ಚೆನ್ನಾಗಿರಲಿಲ್ಲ.

ಸಂಜೆ ಕುಡುಗೋಲು ಹಿಡಿದು ಬೇಲಿಯ ಹತ್ತಿರ ನಿಂತಿದ್ದ.
ನಾನು ಕಿಟಕಿಯಿಂದ ನೋಡಿದೆ.
ಅವನು ನನ್ನ ಕಿಟಕಿ ನೋಡಿದ.
ಪರದೆ ಎಳೆದೆ; ಹೂಂ ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ.
ಬೆಳಗ್ಗೆ ಬಳ್ಳಿ ಅಲ್ಲೇ ಇತ್ತು,
ಗೋಡೆಯ ಮೇಲೆ ಮೂರು ಮೊಟ್ಟೆ.

ಏಪ್ರನ್ ಒಗೆಯುವಾಗ ಜೇಬಿನಲ್ಲಿ ಒಂದು ಬೀಜ ಸಿಕ್ಕಿತು.
ಸೌನಾದ ಹಿಂದೆ ಊರಿದ್ದೇನೆ.
ಗಂಡೋ ಹೆಣ್ಣೋ, ಮೂರನೇ ಬೇಸಿಗೆಯವರೆಗೆ
ಬಳ್ಳಿ ಬಾಯಿ ಬಿಡುವುದಿಲ್ಲ.
ನನಗೆ ಎಪ್ಪತ್ತೆಂಟು.
ಕಾಲ್ಯುವಿಗೆ ಹೇಳಿಲ್ಲ.